ಪ್ರಕಟನೆಯ ಸಂಕೇತಗಳ ಕೋಷ್ಟಕ: ಹದಿಮೂರನೆಯ ಅಧ್ಯಾಯ

ಬೆಳಗಾವಿಯ ನಮ್ಮ ಕ್ರೈಸ್ತ ಸಭೆಯ ಸತ್ಯವೇದ (ಬೈಬಲ್) ಅಧ್ಯಯನ ಬಳಗಕ್ಕಾಗಿ ನಾನು ಸಿದ್ಧಪಡಿಸುತ್ತಿರುವ ಸಂಕೇತಗಳ ಕೋಷ್ಟಕವು ಈ ವಾರ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಹದಿಮೂರನೆಯ ಅಧ್ಯಾಯಕ್ಕೆ ಬಂದಿದೆ. ಖಡೇಬಜಾರಿನಿಂದ ತಂದ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆದುಕೊಂಡಿದ್ದೇನೆ. ಸಂಕೇತ ಬರುವ ವಚನ ಮೊದಲನೆಯದರಲ್ಲಿ, ಗ್ರಂಥವೇ ಅದಕ್ಕೆ ಕೊಡುವ ಅರ್ಥ ಎರಡನೆಯದರಲ್ಲಿ, ಸತ್ಯವೇದದ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಅದರ ಮೂಲ ಮೂರನೆಯದರಲ್ಲಿ. ಇತಿಹಾಸದ ಅಂಕಣವನ್ನು ಬೇಕೆಂದೇ ಇನ್ನೂ ಎಳೆದಿಲ್ಲ.

ಎರಡನೆಯ ಅಂಕಣ ಬೇಗ ಬೇಗ ತುಂಬುತ್ತಿದೆ. ಏಳು ದೀಪಸ್ತಂಭಗಳೆಂದರೆ ಏಳು ಸಭೆಗಳೆಂದು ಪ್ರಕಟನೆ 1:20 ಹೇಳುತ್ತದೆ. ಹಳೆಯ ಒಡಂಬಡಿಕೆಯ ದಾನಿಯೇಲ ಗ್ರಂಥದ 8ನೆಯ ಅಧ್ಯಾಯದ ಎರಡು ಕೊಂಬಿನ ಟಗರು ಮೇದ್ಯ ಮತ್ತು ಪಾರಸಿಯ ರಾಜರೆಂದೂ ಹೋತವು ಗ್ರೀಕರ ರಾಜನೆಂದೂ ಅದೇ ಅಧ್ಯಾಯ ವಿವರಿಸುತ್ತದೆ.

ಆದರೆ ಹದಿಮೂರನೆಯ ಅಧ್ಯಾಯದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಮೂರನೆಯ ಅಂಕಣ. ದಾನಿಯೇಲ 7ರಲ್ಲಿ ಸಮುದ್ರದಿಂದ ಸಿಂಹ, ಕರಡಿ, ಚಿರತೆಗಳಂಥ ಮೃಗಗಳು ಬೇರೆಬೇರೆಯಾಗಿ ಏರಿಬರುತ್ತವೆ, ಆಮೇಲೆ ಕಬ್ಬಿಣದ ಹಲ್ಲುಗಳ ನಾಲ್ಕನೆಯದು. ಪ್ರಕಟನೆಯನ್ನು ಬರೆದ ಯೋಹಾನನು ಹದಿಮೂರನೆಯ ಅಧ್ಯಾಯದಲ್ಲಿ ಕಂಡ ಒಂದೇ ಮೃಗಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಅಂದರೆ ಅದೇ ಸಾಲು ಹಿಂದುಮುಂದಾಗಿದೆ. ದಾನಿಯೇಲನ ಚಿರತೆಗೆ ನಾಲ್ಕು ತಲೆಗಳು. ಉಳಿದ ಮೂರಕ್ಕೆ ಒಂದೊಂದರಂತೆ ಕೂಡಿಸಿದರೆ ಏಳು, ನಾಲ್ಕನೆಯದರ ಕೊಂಬುಗಳು ಹತ್ತು. ಯೋಹಾನನ ಮೃಗಕ್ಕೂ ಏಳು ತಲೆ, ಹತ್ತು ಕೊಂಬು! ಹಿಂದಿನ ಸಾಮ್ರಾಜ್ಯಗಳ ಕ್ರೌರ್ಯವೆಲ್ಲ ಒಂದೇ ದೇಹದಲ್ಲಿ ಸೇರಿದೆಯೆಂದು ನಾನು ಇದನ್ನು ಓದುತ್ತೇನೆ. ರೋಮಿನ ಆಳ್ವಿಕೆಯಲ್ಲಿ ಎಫೆಸ, ಸ್ಮುರ್ನ ಪಟ್ಟಣಗಳ ಸಭೆಗಳಲ್ಲಿ ಕುಳಿತು ಈ ಗ್ರಂಥವನ್ನು ಮೊದಲು ಕೇಳಿದವರಿಗೆ ಇದು ದೂರದ ಕಥೆಯಾಗಿರಲಿಲ್ಲ.

ಬಳಗದ ಹಿರಿಯರೊಬ್ಬರು, "ತಮ್ಮಾ, ಆ ಹತ್ತು ಕೊಂಬು ಅಂದ್ರ ಈಗಿನ ಯಾವ್ಯಾವ ದೇಶ ಅದಾವ?" ಎಂದು ಕೇಳಿದರು. "ಅಜ್ಜಾರ, ಮೊದಲ ಈ ಮೂರು ಅಂಕಣ ಮುಗಿಸೋಣ್ರಿ" ಎಂದೆ. ಮೃಗವನ್ನು ಮೊದಲ ಶತಮಾನದ ರೋಮಿಗೆ ಅನ್ವಯಿಸುವವರಿದ್ದಾರೆ, ಸಭೆಯ ಇಡೀ ಚರಿತ್ರೆಯಲ್ಲಿ ಕಾಣುವವರಿದ್ದಾರೆ, ಅಂತ್ಯಕಾಲಕ್ಕೆ ಕಾಯ್ದಿರಿಸುವವರೂ ಇದ್ದಾರೆ. ಈ ಮೂರೂ ವಾದಗಳನ್ನು ಗೌರವದಿಂದಲೇ ಓದುತ್ತಿದ್ದೇನೆ; ಆದರೆ ದಾನಿಯೇಲನನ್ನು ಬದಿಗಿಟ್ಟು ನೇರವಾಗಿ ಇಂದಿನ ಪತ್ರಿಕೆಯ ಸುದ್ದಿಗೆ ಹಾರುವ ವ್ಯಾಖ್ಯಾನವನ್ನು ನಾನು ಒಪ್ಪಲಾರೆ.

ಮುಂದಿನ ಕೆಲಸ ಹದಿನೇಳನೆಯ ಅಧ್ಯಾಯ. ಅಲ್ಲಿ ಏಳು ತಲೆಗಳಿಗೆ ಗ್ರಂಥವೇ ಏಳು ಬೆಟ್ಟಗಳು, ಏಳು ಮಂದಿ ಅರಸರು ಎಂಬ ಎರಡು ಅರ್ಥಗಳನ್ನು ಕೊಡುವುದರಿಂದ, ಎರಡನೆಯ ಅಂಕಣದ ಆ ಮನೆಯನ್ನು ಅಡ್ಡಗೆರೆ ಎಳೆದು ಎರಡು ಮಾಡಿಟ್ಟಿದ್ದೇನೆ.