ನಂಬರ್ ಪ್ಯಾಡ್ ಇಲ್ಲದ ಹೊಸ ಲ್ಯಾಪ್‌ಟಾಪು

ರಾಯಚೂರು, 27 ಏಪ್ರಿಲ್ 2025, ರವಿವಾರ

ಮಾರ್ಚ್ ಎಂಡಿಂಗ್ ಮುಗೀಲಿ ಅಂತ ಕಾಯ್ಕೊಂತ ಕೂತಿದ್ದೆ, ಮುಗಿದಿದ್ದೇ ತಡ ಲ್ಯಾಪ್‌ಟಾಪ್ ತಗೊಂಡುಬಿಟ್ಟೆ. ಹಳೇದು ಪಾಪ ಜಿನ್ನಿಂಗ್ ಮಿಲ್ಲಿನ ಆಫೀಸ್‌ನಾಗ ಐದು ವರ್ಷ ದುಡಿದದ, ಹೋದ ತಿಂಗಳು ಬಿಸಿ ಜಾಸ್ತಿ ಆಗ್ಲಿಕತ್ತದ ಅಂತ ತಳದ ಮುಚ್ಚಳ ಬಿಚ್ಚಿದ್ರ ಫ್ಯಾನಿನ ಬಾಯಾಗ ಹತ್ತಿ ಎಳಿ ಸೇರಿ ಸೇರಿ ದೀಪಕ್ಕ ಬತ್ತಿ ಹೊಸೆಯೋವಷ್ಟು ಕೂತಿತ್ತು.

ಹೊಸದರ ಕಂಪನಿ ಹೆಸರು ಬ್ಯಾಡ ಬಿಡ್ರಿ, ಯಾಕಂದ್ರ ಮುಂದ ಬೈಯೋದೂ ಅದ. ಈ ಮಾಡೆಲ್ ಮದ್ಲು ಪ್ಲಾಸ್ಟಿಕ್ ಮೈ, ಎರಡೂವರೆ ಕೇಜಿ ಹತ್ರ ಇತ್ತು, ಈ ಸಲ ಪೂರ್ತಿ ಡಿಸೈನ್ ಬದ್ಲಿ ಮಾಡಿ ಅಲ್ಯೂಮಿನಿಯಂ ಬಾಡಿ ಹಾಕಿ ಒಂದೂಮುಕ್ಕಾಲು ಕೇಜಿಗೆ ಇಳಿಸ್ಯಾರ. ಚಂದ ಅದ, ಸುಳ್ಳ್ಯಾಕ ಹೇಳಲಿ. ಟೈಪ್ ಸಿ 100 ವ್ಯಾಟ್ ಚಾರ್ಜರ್‌ಗೂ ಚಾರ್ಜ್ ಆಗ್ತದ, ಹಂಗಾಗಿ ಮಿಲ್ಲಿಗೆ ದೊಡ್ಡ ಇಟ್ಟಂಗಿಯಂಥ ಅಡಾಪ್ಟರ್ ಹೊತ್ಕೊಂಡು ಹೋಗೋದು ತಪ್ತು. ಸ್ಕ್ರೀನ್ ಒಎಲ್‌ಇಡಿ, ಕಪ್ಪು ಅಂದ್ರ ಖರೇನೇ ಕಪ್ಪು, ಅಲ್ಲಿ ಪಿಕ್ಸೆಲ್ಲೇ ಆಫ್ ಆಗಿರ್ತದ. ಆದ್ರ ಒಂದೇ ಚಿತ್ರ ದಿನಗಟ್ಲೆ ನಿಂತ್ರ ಅದರ ಗುರುತು ಉಳೀತದ ಅಂತಾರ, ನಮ್ಮ ಲೆಕ್ಕ ಬರಿಯೋ ಟ್ಯಾಲಿ ಸಾಫ್ಟ್‌ವೇರಿನ ಸ್ಕ್ರೀನ್ ಬೆಳಿಗ್ಗೆ ಹತ್ತರಿಂದ ಸಂಜಿ ಆರರ ತನಕ ಅಲುಗಾಡಂಗಿಲ್ಲ, ಅದಕ್ಕ ಟಾಸ್ಕ್‌ಬಾರ್ ಅಡಗಿಸಿ ಐದು ನಿಮಿಷಕ್ಕ ಸ್ಕ್ರೀನ್ ಆಫ್ ಆಗೋಹಂಗ ಇಟ್ಟೀನಿ.

ಈಗ ಬೈಗಳ. ಎರಡೂ ಕಡೆ ಸ್ಪೀಕರ್ ಇಡಬೇಕಂತ ಕೀಬೋರ್ಡಿನ ಬಲಕ್ಕ ಅಂಕಿ ಒತ್ತಲಿಕ್ಕೇ ಇರ್ತಿದ್ದ ನಂಬರ್ ಪ್ಯಾಡ್ ಕಿತ್ತುಹಾಕ್ಯಾರ! ತೂಕದ ಚೀಟಿ ಎಡಗೈಯಾಗ ಹಿಡ್ಕೊಂಡು ಕ್ವಿಂಟಲ್ಲು, ರೇಟು ಬಡಿಯೋ ನನ್ನಂಥಾವನಿಗೆ ಬಲಗೈ ನಡುಬೆರಳು ತಾನೇ ಹೋಗಿ 5ರ ಮ್ಯಾಲಿನ ಸಣ್ಣ ಗುಬಟು ಹುಡುಕ್ತದ, ಈಗ ಅಲ್ಲಿ ಸ್ಪೀಕರಿನ ಜಾಳಗಿ. ಹನ್ನೊಂದು ದಿನ ಆತು, ಬೆರಳು ಇನ್ನೂ ಜಾಳಗಿ ಮ್ಯಾಲೇ ಬಡೀತದ. ಗುರುವಾರ ಮ್ಯಾಲಿನ ಸಾಲಿನಾಗ ಒತ್ತಲಿಕ್ಕೆ ಹೋಗಿ 7,150 ಇದ್ದಿದ್ದು 7,510 ಆಗಿ, ಸಾವ್ಕಾರ್ರು ಕನ್ನಡಕ ತೆಗೆದು ನನ್ನ ಮಕ ನೋಡಿದ್ರು. ಏನೂ ಅನ್ಲಿಲ್ಲ. ಅದೇ ಭಾಳ ಆತು.

ಆಟದ ಕತಿ ಬ್ಯಾರೆ. ನಿನ್ನೆ ಸಿಂಧನೂರಿಂದ ಅಕ್ಕನ ಮಗ ಬಂದಿದ್ದ, ಅವನ ಹತ್ರ ನಂದಕ್ಕಿಂತ ಅಗ್ಗದ ದಪ್ಪನೆ ಲ್ಯಾಪ್‌ಟಾಪ್. ಎರಡರಾಗೂ ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡು ಒಂದೇ, ಆರ್‌ಟಿಎಕ್ಸ್ 4060, ಎರಡರಾಗೂ 8 ಜಿಬಿ ವಿಡಿಯೋ ಮೆಮೊರಿ. ಒಗ್ಗರಣಿ ಮಿರ್ಚಿ ತಿಂದು ಕೈ ತೊಳ್ಕೊಂಡು ಸೈಬರ್‌ಪಂಕ್ 2077 ಅನ್ನೋ ಆಟ ಹಚ್ಚಿ ಸೆಟ್ಟಿಂಗ್ ಒಂದೇ ಇಟ್ಟು ನೋಡಿದ್ರ ಅವಂದು ಸೆಕೆಂಡಿಗೆ 70 ಫ್ರೇಮ್ (ಚಿತ್ರ) ದಾಟ್ತು, ನಂದು 58ರ ಸುತ್ತ ಗಿರಕಿ ಹೊಡೀತು.

"ಮಾಮಾ, ನೀ ಕಾರ್ಡಿನ ಹೆಸರು ನೋಡಿ ತಗೊಂಡಿ, ವ್ಯಾಟ್ ನೋಡಿಲ್ಲ" ಅಂದ.

ಲ್ಯಾಪ್‌ಟಾಪಿನ 4060ಕ್ಕ 35 ವ್ಯಾಟಿಂದ 115 ವ್ಯಾಟ್ ತನಕ ಎಷ್ಟು ಬೇಕಾದ್ರೂ ಕೊಡಬೋದಂತ, ಬಾಡಿ ತೆಳ್ಳಗ ಆದಂಗ ಬಿಸಿ ಹೊರಗ ಹೋಗಲಿಕ್ಕೆ ಜಾಗ ಕಮ್ಮಿ, ಹಂಗಾಗಿ ಕಂಪನಿಯವ್ರು ವ್ಯಾಟ್ ಕಡಿತಾರ. ಅಕ್ಕಿ ಒಂದೇ, ಒಲಿ ಉರಿ ಬ್ಯಾರೆ. ನಂದು 80, ಅವಂದು 115. ಶಕ್ತಿನಗರದಾಗ 1,720 ಮೆಗಾವ್ಯಾಟಿನ ಉಷ್ಣ ಸ್ಥಾವರ ಇಟ್ಕೊಂಡಿರೋ ಜಿಲ್ಲಾದವ ನಾ, ವ್ಯಾಟ್ ನೋಡದೇ ಲಕ್ಷದ ಮ್ಯಾಲೆ ಎಣಿಸಿ ಬಂದೀನಿ.

ಅದೂ ರಾತ್ರಿ ಮಾತು. ಮಧ್ಯಾಹ್ನ ಎರಡಕ್ಕ ಆಡಿದ್ರ ಫ್ಯಾನ್ ಎಳ್ಕೊಳ್ಳೋ ಗಾಳಿನೇ 40 ಡಿಗ್ರಿ, ಬೆಂಗಳೂರಾಗ ಎಸಿ ರೂಮಿನಾಗ ಕೂತು ಮಾಡಿದ ರಿವ್ಯೂ ಇಲ್ಲಿ ಏನ್ ಹೊಂದ್ತದ? ಕೀಬೋರ್ಡಿನ ನಡುಕ ಕಾದ ಹಂಚು, ಸದ್ದು ಕೇಳಿ ನಮ್ಮಾಕಿ "ಏನ್ರಿ, ಮಿಕ್ಸರ್ ಚಾಲೂ ಬಿಟ್ಟೀರೇನು" ಅಂತ ಅಡಗಿಮನಿಗೆ ಹೋಗಿ ನೋಡಿ ಬಂದ್ಳು. ಕರೆಂಟ್ ಹೋದ್ರಂತೂ ಆಟ ತೆವಳ್ತದ, ಬ್ಯಾಟರಿ ಮ್ಯಾಲೆ ಅಷ್ಟು ವ್ಯಾಟ್ ಎಲ್ಲಿಂದ ತರ್ಬೇಕು ಅದು. ಆದ್ರ ಸ್ಕ್ರೀನನ್ನ 2880x1800 ಬಿಟ್ಟು 1920x1200ಕ್ಕ ಇಳಿಸಿದ್ರ ಪಿಕ್ಸೆಲ್ ಅರ್ಧಕ್ಕಿಂತ ಕಮ್ಮಿ ಆಗ್ತಾವ, ಆವಾಗ ಆರಾಮ್ ಓಡ್ತದ, ವ್ಯಾಲೊರಂಟ್‌ನಂಥ ಹಗುರ ಆಟಕ್ಕಂತೂ ಏನೂ ತ್ರಾಸಿಲ್ಲ.

ವಾಪಸ್ ಕೊಡೋ ದಿನ ದಾಟ್ಯಾವ. ನಾಳೆ ಸ್ಟೇಷನ್ ರೋಡಿನ ಕಡೆ ಹೋಗಿ ಯುಎಸ್‌ಬಿ ನಂಬರ್ ಪ್ಯಾಡ್ ಸಿಗ್ತದೇನು ಕೇಳಬೇಕು, 5ರ ಮ್ಯಾಲೆ ಗುಬಟು ಇರೋದೇ ಬೇಕು.