ಉಪ್ಪು ಬಿಟ್ಟರೂ ಪ್ರೋಟೀನ್ ಯಾಕೆ ಬರಲ್ಲ?

ಶಿವಮೊಗ್ಗದಲ್ಲಿ ಬಯೋಟೆಕ್ ಓದುವ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಮೇಡಂ, ಮಿಕ್ಸೆಡ್ ಮೋಡ್ ಕಾಲಂಗೆ 1 ಮೋಲಾರ್ ಉಪ್ಪು ಬಿಟ್ಟೆ. ಪ್ರೋಟೀನ್ ಬರಲೇ ಇಲ್ಲ. ಹಾಳಾಯ್ತಾ?"

ಹಾಳಾಗಿರುವುದಿಲ್ಲ. ಅಂಟಿಕೊಂಡು ಕೂತಿರುತ್ತದೆ, ಅಷ್ಟೇ. ಕಾಲಂ ಅಂದರೆ ರೆಸಿನ್ ಎಂಬ ಸಣ್ಣ ಮಣಿಗಳನ್ನು ತುಂಬಿದ ಕೊಳವೆ. ಮಣಿಗಳು ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ, ಆಮೇಲೆ ನಾವು ಅದನ್ನು ಬಿಡಿಸಿಕೊಳ್ಳಬೇಕು.

ಹಲಸಿನ ಹಣ್ಣು ಬಿಡಿಸಿದ ಕೈ ನೆನಪು ಮಾಡಿಕೊಳ್ಳಿ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾ? ಮೇಣ ಹತ್ತಿದರೆ ನೀರಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಕೊಬ್ಬರಿ ಎಣ್ಣೆಯೇ ಬೇಕು. ನೀರಿಗೆ ಸೇರದ ವಸ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ರೋಟೀನಿನ ಮೈಮೇಲೂ ಅಂಥ ಜಾಗಗಳಿವೆ, ಜೊತೆಗೆ ಪ್ಲಸ್ ಮೈನಸ್ ಚಾರ್ಜೂ ಇದೆ.

ಮಾಮೂಲಿ ಅಯಾನ್ ಎಕ್ಸ್‌ಚೇಂಜ್ ರೆಸಿನ್ ಹಿಡಿಯುವುದು ಮುಖ್ಯವಾಗಿ ಚಾರ್ಜನ್ನು. ಉಪ್ಪು ಬಿಟ್ಟರೆ ಸಾಕು, ಕೈ ಬಿಡುತ್ತದೆ. ಮಿಕ್ಸೆಡ್ ಮೋಡ್‌ಗೆ ಎರಡು ಕೈ. ಕ್ಯಾಪ್ಟೋ ಎಂಎಂಸಿ ಎಂಬ ರೆಸಿನ್ನನ್ನೇ ನೋಡಿ, ಅದರಲ್ಲಿ ಮೈನಸ್ ಚಾರ್ಜಿನ ಕಾರ್ಬಾಕ್ಸಿಲ್ ಗುಂಪೂ ಇದೆ, ನೀರಿಗೆ ಸೇರದ ಬೆಂಜೀನ್ ಉಂಗುರವೂ ಇದೆ. ಉಪ್ಪು ಒಂದು ಕೈಯನ್ನು ಬಿಡಿಸುತ್ತದೆ, ಇನ್ನೊಂದನ್ನು ಬಿಗಿ ಮಾಡುತ್ತದೆ! ಲಾಭವೂ ಇಲ್ಲೇ ಇದೆ ಅನ್ನಿ. ಸ್ವಲ್ಪ ಉಪ್ಪಿರುವ ಸ್ಯಾಂಪಲ್ಲನ್ನು ಡಯಾಲಿಸಿಸ್ ಮಾಡಿ ಉಪ್ಪು ತೆಗೆಯದೆಯೇ ಹಾಕಬಹುದು.

ನಾನೂ ಸಿಕ್ಕಿಬಿದ್ದಿದ್ದೆ. ಮಳೆಗಾಲದ ಸಂಜೆ, ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತಿತ್ತು. 1 ಮೋಲಾರ್ ಉಪ್ಪು ಬಿಟ್ಟೆ, ಆಮೇಲೆ 2. ಪ್ರೋಟೀನ್ ಹೊರಬಂದರೆ ಮೇಲೇಳಬೇಕಾದ 280 ನ್ಯಾನೋಮೀಟರಿನ ಗೆರೆ ಮಲಗಿದಲ್ಲೇ ಮಲಗಿತ್ತು. ಆಮೇಲೆ ತಲೆಗೆ ಹೊಳೆಯಿತು. ನನ್ನ ಪ್ರೋಟೀನಿನ ಪಿಐ, ಅಂದರೆ ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್, 6ರ ಆಸುಪಾಸು. ಪಿಎಚ್ 5ರಲ್ಲಿ ಅದಕ್ಕೆ ಪ್ಲಸ್ ಚಾರ್ಜ್, ಅದಕ್ಕೇ ಅಂಟಿತ್ತು. ಉಪ್ಪು ಇಳಿಸಿ ಪಿಎಚ್ 8ರ ಟ್ರಿಸ್ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಬಿಟ್ಟೆ. ಈಗ ಪ್ರೋಟೀನಿಗೂ ಮೈನಸ್, ರೆಸಿನ್‌ಗೂ ಮೈನಸ್. ಒಂದನ್ನೊಂದು ತಳ್ಳಿದವು. ಗೆರೆ ಎದ್ದು ಕೊಡಚಾದ್ರಿಯ ಹಾಗೆ ನಿಂತಿತು.

ಎಲ್ಲ ರೆಸಿನ್‌ಗೂ ಈ ಉಪಾಯ ನಡೆಯುವುದಿಲ್ಲ. ಹೈಡ್ರಾಕ್ಸಿಅಪಟೈಟ್ ಕೂಡ ಎರಡು ರೀತಿಯಲ್ಲಿ ಹಿಡಿಯುವಂಥದ್ದೇ, 1956ರಲ್ಲೇ ಸ್ವೀಡನ್ನಿನ ವಿಜ್ಞಾನಿ ಟಿಸೆಲಿಯಸ್ ಮತ್ತು ಜೊತೆಗಾರರು ಅದರಲ್ಲಿ ಪ್ರೋಟೀನ್ ಬೇರ್ಪಡಿಸಿದ್ದರು. ನಮ್ಮ ಹಲ್ಲು, ಮೂಳೆಯ ಖನಿಜ ಅದು. ಪಿಎಚ್ 5ರಂಥ ಹುಳಿ ತಾಗಿದರೆ ಕಾಲಮ್ಮೇ ಕರಗುತ್ತದೆ. ಅಲ್ಲಿ ಫಾಸ್ಫೇಟ್ ಏರಿಸುತ್ತಾ ಹೋಗಬೇಕು.

ನಿಮ್ಮ ಪ್ರೋಟೀನಿಗೆ ಯಾವ ಪಿಎಚ್, ಎಷ್ಟು ಉಪ್ಪು ಅಂತ ನನ್ನನ್ನು ಕೇಳಬೇಡಿ. ಸಣ್ಣ ಟ್ಯೂಬುಗಳಿಗೆ 50 ಮೈಕ್ರೋಲೀಟರ್ ರೆಸಿನ್ ಹಾಕಿ, ಬೇರೆ ಬೇರೆ ಬಫರಿನಲ್ಲಿ ಅಲ್ಲಾಡಿಸಿ, ಪ್ರೋಟೀನ್ ಬಿಟ್ಟುಬಂದಿದೆಯಾ ಅಂತ ಮೇಲಿನ ನೀರನ್ನು ಜೆಲ್‌ನಲ್ಲಿ ಓಡಿಸಿ ನೋಡಿ. ಒಂದು ದಿನದ ಕೆಲಸ. ಕಾಲಂ ನಾಳೆ ತುಂಬಿಸಿದರಾಯ್ತು.