ಅಂಗೈಯಗಲದ ಆಸಿಲೋಸ್ಕೋಪ್ ಸಾಕಾ?

ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿಸಿಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಸರ್, ಜೇಬಲ್ಲಿ ಹಿಡಿಯೋ ಆ ಪುಟ್ಟ ಸ್ಕೋಪ್ ತಗೊಂಡ್ರೆ ಸಾಕಾ? ಇಲ್ಲ ದುಡ್ಡು ಕೂಡಿಟ್ಟು ದೊಡ್ಡದೇ ತಗೊಳ್ಳೋದಾ?" ಸ್ಕೋಪ್ ಅಂದರೆ ಆಸಿಲೋಸ್ಕೋಪ್, ಸರ್ಕ್ಯೂಟಿನ ವೋಲ್ಟೇಜ್ ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತದೆ ಅಂತ ಪರದೆಯ ಮೇಲೆ ಅಲೆಯಾಗಿ ತೋರಿಸುವ ಉಪಕರಣ. ನಾನು ತಿರುಗಿ ಕೇಳುವುದು ಒಂದೇ ಮಾತು. ಅದರಲ್ಲಿ ಏನು ನೋಡಬೇಕು ಅಂತಿದ್ದೀರಿ?

ಪುಟ್ಟದು ಅಂದಾಗ ನನ್ನ ಮನಸ್ಸಿನಲ್ಲಿರುವುದು ಡಿಎಸ್‌ಒ138, ಡಿಎಸ್‌ಒ150 ಥರದವು. ಒಳಗೊಂದು ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್), ಮೇಲೆ 2.4 ಇಂಚಿನ ಪರದೆ, ಒಂದೇ ಚಾನೆಲ್, ಅಂದರೆ ಒಂದು ಸಲಕ್ಕೆ ಒಂದೇ ಸಿಗ್ನಲ್. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್, ಅಂದರೆ ಅಷ್ಟು ಸಲ ವೋಲ್ಟೇಜ್ ಅಳೆಯುತ್ತವೆ. ಬ್ಯಾಂಡ್‌ವಿಡ್ತ್, ಅಂದರೆ ಹೆಚ್ಚು ಕುಗ್ಗಿಸದೆ ತೋರಿಸಬಲ್ಲ ಅಲೆಯ ವೇಗ, 200 ಕಿಲೋಹರ್ಟ್ಸ್ (ಸೆಕೆಂಡಿಗೆ 2 ಲಕ್ಷ ಸಲ). ಕಿಟ್ ರೂಪದಲ್ಲೂ ಸಿಗುತ್ತವೆ. ನಾವೇ ಸಾಲ್ಡರ್ ಮಾಡಿ ಜೋಡಿಸಿದ ಸ್ಕೋಪ್‌ನಲ್ಲಿ ಮೊದಲ ಅಲೆ ಮೂಡಿದಾಗ ಆಗುವ ಖುಷಿಗೆ ಬೆಲೆ ಕಟ್ಟಲಾಗದು, ಅದು ಬೇರೆ ಮಾತು.

200 ಕಿಲೋಹರ್ಟ್ಸ್ ಕಡಿಮೆ ಅನ್ನಿಸಬಹುದು. ಆದರೆ ಹವ್ಯಾಸಿಯ ಮೇಜಿನ ಮೇಲೆ ನಡೆಯುವ ಎಷ್ಟೋ ಕೆಲಸ ಅದರೊಳಗೇ ಮುಗಿಯುತ್ತದೆ. ನಮ್ಮ ಕಿವಿಗೆ ಕೇಳುವುದೇ 20 ಕಿಲೋಹರ್ಟ್ಸ್‌ವರೆಗೆ. ಹಾಗಾಗಿ ಆಂಪ್ಲಿಫೈಯರ್ ಕೆಲಸಕ್ಕೆ ಇದು ಧಾರಾಳ. ಆರ್ಡುಯಿನೋ ಊನೋ ಬೋರ್ಡಿನ ಪಿಡಬ್ಲ್ಯೂಎಂ (ಎಲ್‌ಇಡಿ ಮಂದ ಮಾಡೋದಕ್ಕೆಲ್ಲ ಪಿನ್ ಅನ್ನು ಬೇಗಬೇಗ ಆನ್-ಆಫ್ ಮಾಡುವ ವಿಧಾನ) ಹೆಚ್ಚಿನ ಪಿನ್‌ಗಳಲ್ಲಿ ಸುಮಾರು 490 ಹರ್ಟ್ಸ್ ಅಷ್ಟೆ. ಟಿವಿ ರಿಮೋಟ್ ಒತ್ತಿ, ರಿಸೀವರ್ ಹೊರಗೆ ಬಿಡುವ ಸಿಗ್ನಲ್ ನೋಡಿ. ಎನ್‌ಇಸಿ ಬಗೆಯ ರಿಮೋಟ್ ಆದರೆ ಮೊದಲು 9 ಮಿಲಿಸೆಕೆಂಡ್ ಕೆಳಗೆ, ಆಮೇಲೆ 4.5 ಮಿಲಿಸೆಕೆಂಡ್ ಮೇಲೆ, ಅದರ ಬೆನ್ನಿಗೇ ಬಿಟ್‌ಗಳ ಸಾಲು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ಬರುತ್ತದೆ.

ನನಗೆ ತುಂಬಾ ಇಷ್ಟದ್ದು ಪವರ್ ಸಪ್ಲೈ ನೋಡುವುದು. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್‌ಗಳ ಬ್ರಿಜ್, ಒಂದು ಕೆಪಾಸಿಟರ್. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಬ್ರಿಜ್ ಅದರ ಕೆಳಗಿನ ಅರ್ಧ ಅಲೆಯನ್ನೂ ಮೇಲಕ್ಕೆ ಮಡಚುತ್ತದೆ, ಹಾಗಾಗಿ ಬ್ರಿಜ್ ಆದ ಮೇಲೆ ರಿಪಲ್ (ಉಳಿಯುವ ಸಣ್ಣ ಏರಿಳಿತ) 100 ಹರ್ಟ್ಸ್ ಇರಬೇಕು. 50 ಕಂಡರೆ ಒಂದು ಡಯೋಡ್ ಕೈಕೊಟ್ಟಿದೆ, ಇಲ್ಲವೇ ಸಾಲ್ಡರ್ ಬಿಟ್ಟಿದೆ ಅಂತ ಅನುಮಾನಪಡಬಹುದು. ಮಲ್ಟಿಮೀಟರ್ ಸುಮ್ನೆ ಒಂದು ವೋಲ್ಟೇಜ್ ತೋರಿಸಿ ಕೂರುತ್ತದೆ, ಈ ಗುಟ್ಟು ಹೇಳುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಮಿತಿ ದಾಟಿದಾಗ ಪುಟ್ಟ ಸ್ಕೋಪ್ "ನನ್ನ ಕೈಲಾಗಲ್ಲ" ಅನ್ನುವುದಿಲ್ಲ. ನಂಬುವಂಥ ಸುಳ್ಳು ಹೇಳುತ್ತದೆ.

ಒಮ್ಮೆ ಡಬ್ಲ್ಯೂಎಸ್2812 ಎಲ್‌ಇಡಿ ಪಟ್ಟಿಯನ್ನು (ಡೇಟಾ ಕಳಿಸಿ ಒಂದೊಂದು ದೀಪದ ಬಣ್ಣವನ್ನೂ ಬದಲಿಸಬಹುದಾದದ್ದು) ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿದ್ದೆ. ಎಲ್ಲಾ ದೀಪಗಳಿಗೂ ಬಿಳಿ ಬಣ್ಣ ಕಳಿಸಿದರೂ ಅಲ್ಲೊಂದು ಇಲ್ಲೊಂದು ತಲೆಕೆಟ್ಟಂತೆ ಮಿನುಗುತ್ತಿದ್ದವು. ಡೇಟಾ ಪಿನ್‌ಗೆ ನನ್ನ ಪುಟ್ಟ ಸ್ಕೋಪ್ ಇಟ್ಟೆ. ಸುಮಾರು 200 ಕಿಲೋಹರ್ಟ್ಸ್, 1 ವೋಲ್ಟ್ ಎತ್ತರದ ಅಲೆ ಕಂಡಿತು. ಇರಬೇಕಾದದ್ದು 800 ಕಿಲೋಹರ್ಟ್ಸ್, 3.3 ವೋಲ್ಟ್. ಪಿನ್ ಸುಟ್ಟಿದೆ, ಜೊತೆಗೆ ಕೋಡ್ ವೇಗವೂ ತಪ್ಪಿದೆ ಅಂದುಕೊಂಡೆ. ಲೈಬ್ರರಿ ಬದಲಿಸಿದೆ, ಬೋರ್ಡ್ ಬದಲಿಸಿದೆ. ಎರಡು ಸಂಜೆ ಹೋಯಿತು.

ಕೊನೆಗೆ ಗೆಳೆಯನ ಮನೆಯ ದೊಡ್ಡ ಸ್ಕೋಪ್‌ನಲ್ಲಿ ನೋಡಿದರೆ 800 ಕಿಲೋಹರ್ಟ್ಸ್, 3.3 ವೋಲ್ಟ್, ಎಲ್ಲಾ ಸರಿಯಾಗಿಯೇ ಇತ್ತು! ಟ್ಯೂಬ್‌ಲೈಟ್ ಬೆಳಕಲ್ಲಿ ಫ್ಯಾನಿನ ರೆಕ್ಕೆ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುತ್ತಲ್ಲ, ಅದೇ ಆಟ. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್ ತೆಗೆಯುವ ಸ್ಕೋಪ್‌ಗೆ 8 ಲಕ್ಷ ಸಲ ಕುಣಿಯುವ ಅಲೆ ಕೊಟ್ಟರೆ, ಮಿಕ್ಕ 2 ಲಕ್ಷವೇ ಅಲೆಯಾಗಿ ಕಾಣುತ್ತದೆ. ಬ್ಯಾಂಡ್‌ವಿಡ್ತ್ ಸಾಲದ್ದಕ್ಕೆ ಎತ್ತರವೂ ಕುಗ್ಗಿತ್ತು. ಮಾಡಿದ ತಪ್ಪು ಸ್ಕೋಪ್‌ನದಲ್ಲ, ಅದರ ಮಿತಿ ಗೊತ್ತಿದ್ದೂ ನಂಬಿದ ನನ್ನದು. ನಿಜವಾದ ಕಾರಣ ಬೇರೆಯೇ ಇತ್ತು. 5 ವೋಲ್ಟ್‌ನಲ್ಲಿ ಓಡುವ ಆ ಪಟ್ಟಿಗೆ ಡೇಟಾ ಕನಿಷ್ಠ 3.5 ವೋಲ್ಟ್ ಬೇಕು, ನಾನು ಕೊಟ್ಟದ್ದು 3.3. ಮಧ್ಯೆ ಸಿಗ್ನಲ್ಲನ್ನು 5 ವೋಲ್ಟ್‌ಗೆ ಏರಿಸುವ ಒಂದು 74ಎಚ್‌ಸಿಟಿ125 ಐಸಿ ಹಾಕಿದೆ, ಮಿನುಗು ನಿಂತಿತು.

ಹಾಗಾಗಿ ನನ್ನ ಲೆಕ್ಕ ಸರಳ. ಚೌಕದ ಅಲೆಯ ಮೂಲೆಗಳು ಚೌಕವಾಗಿಯೇ ಕಾಣಬೇಕಾದರೆ, ಸ್ಕೋಪ್‌ನ ಬ್ಯಾಂಡ್‌ವಿಡ್ತ್ ಅಲೆಯ ಐದು ಪಟ್ಟಾದರೂ ಇರಲಿ. ಅಂದರೆ 200 ಕಿಲೋಹರ್ಟ್ಸ್‌ನದು 40 ಕಿಲೋಹರ್ಟ್ಸ್‌ವರೆಗೆ ನಂಬಿಕಸ್ಥ. ಚಿಪ್‌ಗಳು ತಮ್ಮೊಳಗೆ ಮಾತಾಡಿಕೊಳ್ಳಲು ಬಳಸುವ 100 ಕಿಲೋಹರ್ಟ್ಸ್‌ನ ಐ2ಸಿ ಸಿಗ್ನಲ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಅದರ ಆಕಾರದ ಬಗ್ಗೆ ತೀರ್ಪು ಕೊಡಬೇಡಿ. ಒಳಗಿನ ಬಿಟ್‌ಗಳನ್ನು ಓದುವುದಕ್ಕಾದರೆ 24 ಮೆಗಾಹರ್ಟ್ಸ್‌ನ ಅಗ್ಗದ ಯುಎಸ್‌ಬಿ ಲಾಜಿಕ್ ಅನಲೈಜರ್ ಎಷ್ಟೋ ವಾಸಿ. ಪಲ್ಸ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರ್ ಬಿಟ್‌ಗಳನ್ನು ಬಿಡಿಸಿಯೇ ತೋರಿಸುತ್ತದೆ. ಎರಡು ಸಿಗ್ನಲ್‌ಗಳನ್ನು ಒಟ್ಟಿಗೆ ಹೋಲಿಸಬೇಕು, ವೇಗದ ಸರ್ಕ್ಯೂಟ್ ಮಾಡಬೇಕು ಅಂದರೆ ಆಗ ದುಡ್ಡು ಕೂಡಿಡಿ. ರೈಗಾಲ್ ಡಿಎಸ್1054ಝಡ್ ಥರದ್ದು ನಾಲ್ಕು ಚಾನೆಲ್, 50 ಮೆಗಾಹರ್ಟ್ಸ್ ಕೊಡುತ್ತದೆ. ಆ ದರ್ಜೆಯ ಹಳೆಯದು ಸುಸ್ಥಿತಿಯಲ್ಲಿ ಸಿಕ್ಕರೂ ಸಾಕು.

ಇನ್ನೊಂದು ವಿಷಯ, ಇದರಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬ್ಯಾಟರಿಯಲ್ಲಿ ಓಡುತ್ತೆ ಅಂತ ಪುಟ್ಟ ಸ್ಕೋಪ್‌ನ ಪ್ರೋಬ್ ತಗೊಂಡು ಹೋಗಿ ಮನೆಯ ಪ್ಲಗ್ಗಿಗೆ ಇಡಬೇಡಿ. 230 ವೋಲ್ಟ್ ಅನ್ನುವುದರ ತುದಿ 325 ವೋಲ್ಟ್, ಇವುಗಳ ಇನ್‌ಪುಟ್ ತಡೆಯುವುದು 50 ವೋಲ್ಟ್. ಅದಕ್ಕಿಂತ ಕೆಟ್ಟದ್ದೆಂದರೆ, ಗ್ರೌಂಡ್ ಕ್ಲಿಪ್ ಅಪ್ಪಿತಪ್ಪಿ ಫೇಸ್‌ಗೆ ತಾಗಿದರೆ ಕೈಗೆ ಸಿಗುವ ಪ್ರೋಬ್ ಕನೆಕ್ಟರಿನ ಲೋಹಕ್ಕೂ ಕರೆಂಟು ಬರುತ್ತದೆ. ಮೊಬೈಲ್ ಚಾರ್ಜರ್ ಬಿಚ್ಚಿ ಒಳಗೆ ಏನಾಗ್ತಿದೆ ನೋಡ್ತೀನಿ ಅನ್ನುವವರಿಗೂ ಇದೇ ಮಾತು.